ಬಾಲಕ ಮೊಜಾರ್ಟನ ಲಂಡನ್ ಬೇಸಗೆ

ಪಾಶ್ಚಾತ್ಯ ಸಂಗೀತಲೋಕದಲ್ಲಿ ಪ್ರಾತಃಸ್ಮರಣೀಯನಾದ ವೋಲ್ಫ್‌ಗಾಂಗ್ ಮೊಜಾರ್ಟನು 1756ರ ಜನವರಿ 27ರಂದು, ಇಂದು ಆಸ್ಟ್ರಿಯ ದೇಶಕ್ಕೆ ಸೇರಿರುವ ಸಾಲ್ಜ್‌ಬರ್ಗ್ ನಗರದಲ್ಲಿ ಜನಿಸಿದನು. ತಂದೆ ಲಿಯೊಪೋಲ್ಡನು ಅಲ್ಲಿಯ ಆರ್ಚ್‌ಬಿಷಪ್ಪನ ಆಸ್ಥಾನದಲ್ಲಿ ಪಿಟೀಲುವಾದಕ. ಮಗನು ಹುಟ್ಟಿದ ವರ್ಷವೇ ಪಿಟೀಲುಶಿಕ್ಷಣವನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದ ವಿದ್ವಾಂಸ. ಏಳು ಮಕ್ಕಳಲ್ಲಿ ಬದುಕುಳಿದವರು ಇಬ್ಬರೇ: 1751ರಲ್ಲಿ ಹುಟ್ಟಿದ ನ್ಯಾನರ್ಲ್ ಮತ್ತು ಆಕೆಯ ತಮ್ಮ ವೋಲ್ಫ್‌ಗಾಂಗ್. ಈ ಬಾಲಕನು ಶಾಲೆಯ ಮೆಟ್ಟಿಲನ್ನು ಹತ್ತಿದವನಲ್ಲ. ಅಕ್ಷರ, ಗಣಿತ, ಸಂಗೀತ ಎಲ್ಲಕ್ಕೂ ತಂದೆಯೇ ಗುರು. ಅಂತಹ ಗುರು ದೊರೆತದ್ದು ಮಗನ ಭಾಗ್ಯ. ಆ ಗುರುವೇ ಶಿಷ್ಯನನ್ನು ಊರೂರು ಮೆರೆಸಿ ಹಣ ಗಳಿಸಲು ಹೊರಟದ್ದು ಮಾತ್ರ ವಿಚಾರಮಾಡತಕ್ಕ ಸಂಗತಿ.

1763ರ ಜೂನ್ ತಿಂಗಳಲ್ಲಿ ಈ ಕುಟುಂಬವು ಯುರೋಪಿನ ಪ್ರವಾಸಕ್ಕೆ ಹೊರಟು, ಪ್ಯಾರಿಸ್ಸಿನ ಮಾರ್ಗವಾಗಿ 1764ರ ಏಪ್ರಿಲ್ 23ರಂದು ಲಂಡನ್ನನ್ನು ತಲಪಿತು. ನಾಲ್ಕೇ ದಿನಗಳಲ್ಲಿ ದೊರೆ ಮೂರನೆಯ ಜಾರ್ಜನ ಸನ್ನಿಧಿಯಲ್ಲಿ ಮಕ್ಕಳ ವಾದನ ನಡೆಯಿತು. ಜೂನ್ 5ರ ಸಾರ್ವಜನಿಕ ಕಛೇರಿಗೆ ಪ್ರವೇಶದರ ಅರ್ಧ ಗಿನಿ, ಎಂದರೆ ಹತ್ತೂವರೆ ಷಿಲಿಂಗ್. ಜನರು ಮುಗಿಬಿದ್ದರು.

ಜುಲೈ ತಿಂಗಳಲ್ಲಿ ಲಿಯೊಪೋಲ್ಡನು ಶೀತದಿಂದ ಹಾಸಿಗೆ ಹಿಡಿದನು. ಕಾಯಿಲೆ ಉಲ್ಬಣಿಸಿ ಜೀವಕ್ಕೇ ಅಪಾಯವೊದಗಿತು. ಪರದೇಶ, ಪರಭಾಷೆ, ದುಡಿಮೆಯ ವ್ಯವಸ್ಥೆಯನ್ನೆಲ್ಲ ನೋಡುತ್ತಿದ್ದವನೇ ಮಲಗಿದ ಮೇಲೆ ಆ ತಾಯಿಮಕ್ಕಳ ಗತಿಯೇನು? ಆಗಸ್ಟ್ 6ರಂದು ಅವರು ಶುದ್ಧವಾದ ಗಾಳಿಗಾಗಿ ನಗರದ ಹೊರವಲಯದ ಚೆಲ್ಸಿಗೆ ಬಂದು ನೆಲಸಿದರು. ನಮ್ಮಲ್ಲಿ ಶ್ರಾವಣದ ಮಳೆ ಸುರಿಯುವ ಆ ಕಾಲವು ಇಂಗ್ಲೆಂಡಿನಲ್ಲಿ ಬೇಸಗೆ. ಅವರಿದ್ದ ಮನೆ ಈಗಿನ ಎಬರಿ ಬೀದಿಯಲ್ಲಿದೆ.

ಸುಮಾರು ಏಳು ವಾರಗಳ ಆ ವಾಸದಲ್ಲಿ, ರೋಗಿಯ ನೆಮ್ಮದಿಗೆ ಭಂಗ ಬರಬಾರದೆಂದು, ಮಕ್ಕಳು ವಾದ್ಯವನ್ನು ಮುಟ್ಟಕೂಡದೆಂಬ ಕಟ್ಟಳೆಯಾಯಿತು. ಕಛೇರಿಯಿಲ್ಲ, ಅಭ್ಯಾಸವಿಲ್ಲ, ನೋಡಲು ಬರುವ ಜನವಿಲ್ಲ. ಎಂಟೂವರೆ ವಯಸ್ಸಿನ ಬಾಲಕನು ಲೇಖನಿಯನ್ನು ಹಿಡಿದನು. ಕಿವಿಗೆ ಕೇಳಿಸದ ನಾದವನ್ನು ಮನಸ್ಸಿನಲ್ಲಿಯೇ ಕೇಳಿಸಿಕೊಂಡು, ಅನೇಕ ವಾದ್ಯಗಳ ಮೇಳಕ್ಕಾಗಿ ಸಿಂಫೊನಿಯೊಂದನ್ನು ರಚಿಸತೊಡಗಿದನು. ಹದಿಮೂರು ವಯಸ್ಸಿನ ಅಕ್ಕನು ಪಕ್ಕದಲ್ಲಿ ಕುಳಿತು ಪ್ರತಿ ಮಾಡುತ್ತಿದ್ದಳು. ಹಾರ್ನ್ ಎಂಬ ಕೊಂಬುವಾದ್ಯಕ್ಕೆ ತಕ್ಕ ಕೆಲಸ ಕೊಡುವುದನ್ನು ನೆನಪಿಸಬೇಕೆಂದು ತಮ್ಮನು ಆಕೆಗೆ ಹೇಳಿದ್ದನಂತೆ.

ಈ ವೃತ್ತಾಂತವನ್ನು ನ್ಯಾನರ್ಲಳೇ ತಮ್ಮನು ಗತಿಸಿದ ಬಳಿಕ ನೆನಪಿನಿಂದ ಹೇಳಿದಳು. 1800ರಲ್ಲಿ ಅದು ಅಚ್ಚಾಯಿತು. ಆ ಕೃತಿಯಲ್ಲಿ ತುತ್ತೂರಿ, ಭೇರಿಗಳಿದ್ದವೆಂಬುದು ಆಕೆಯ ಮಾತು. ಆದರೆ ಮೊದಲನೆಯದೆಂದು ಇಂದು ಎಣಿಸಲ್ಪಡುವ ಸಿಂಫೊನಿಯಲ್ಲಿ ತಂತಿವಾದ್ಯಗಳ ಜೊತೆಗೆ ಓಬೋ ಮತ್ತು ಹಾರ್ನ್ ಮಾತ್ರ ಇವೆ. ದೊರೆತಿರುವ ಹಸ್ತಪ್ರತಿಯೂ ಆಕೆಯ ಬರಹವಲ್ಲ, ಬಾಲಕನದೇ. ನಡುನಡುವೆ ತಂದೆಯ ತಿದ್ದುಪಡಿಗಳಿವೆ. ಚೆಲ್ಸಿಯ ಕೃತಿ ಬೇರೊಂದಿದ್ದು ಕಳೆದುಹೋಗಿರಬೇಕೆಂದು ಕೆಲವು ಸಂಶೋಧಕರ ಊಹೆ. ಓಲೆಗರಿಗಳೊಡನೆ ಹೆಣಗಿದವರಿಗೆ ಇಂತಹ ತೊಡಕು ಹೊಸದಲ್ಲ. ಉಳಿದಿರುವುದರಲ್ಲಿ ಅತ್ಯಂತ ಹಳೆಯದು ಇದೇ, ಲಂಡನ್ ವಾಸದ ಕಾಲದ್ದೇ.

ತಂದೆ ಚೇತರಿಸಿಕೊಂಡನು, ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲರೂ ನಗರಕ್ಕೆ ಮರಳಿದರು. ಆದರೆ ಜನರ ಕುತೂಹಲವು ಕ್ರಮೇಣ ಇಳಿಯಿತು. 1765ರ ಜುಲೈಯಲ್ಲಿ, ಪಾನಗೃಹವೊಂದರ ಕೋಣೆಯಲ್ಲಿ, ಎರಡೂವರೆ ಷಿಲಿಂಗ್ ಕೊಟ್ಟವರ ಮುಂದೆ ಆ ಮಕ್ಕಳು ಮಣೆಗಳ ಮೇಲೆ ವಸ್ತ್ರವನ್ನು ಹೊದಿಸಿ, ಕಣ್ಣಿಗೆ ಕಾಣದೆಯೇ ನುಡಿಸಬೇಕಾಯಿತು. ಸಿಂಫೊನಿ ಬರೆದ ಕೈಗಳಿಗೆ ದೊಂಬರಾಟದಂತಹ ಈ ಕೆಲಸ! ಆ ತಿಂಗಳೇ ಅವರು ಲಂಡನ್ನನ್ನು ಬಿಟ್ಟರು.

ಅಕ್ಕನು ತಮ್ಮನಿಗೆ ಸರಿಸಾಟಿಯಾದ ವಾದಕಿ. ಆದರೂ 1769ರಲ್ಲಿ ಇಟಲಿಗೆ ಹೊರಟಾಗ ತಂದೆಯು ಮಗನನ್ನು ಮಾತ್ರ ಕರೆದೊಯ್ದನು. ಮನೆಯಲ್ಲಿ ಉಳಿದ ಆಕೆ 1829ರವರೆಗೆ ಬಾಳಿದಳು. ತಮ್ಮನಾದರೋ 1781ರಲ್ಲಿ ಆಸ್ಥಾನದ ಊಳಿಗವನ್ನು ತೊರೆದು, ವಿಯೆನ್ನದಲ್ಲಿ ಸ್ವತಂತ್ರನಾಗಿ ಬದುಕಿ, ಕೀರ್ತಿಯನ್ನೂ ಸಾಲವನ್ನೂ ಸಮವಾಗಿ ಸಂಪಾದಿಸಿ, 1791ರ ಡಿಸೆಂಬರ್ 5ರಂದು 35ನೆಯ ವಯಸ್ಸಿನಲ್ಲಿ ಕಾಲವಾದನು.

ಅದಕ್ಕೆ ಮೂರು ವರ್ಷ ಮೊದಲು, 1788ರ ಬೇಸಗೆಯಲ್ಲಿ, ಆತನು ತನ್ನ ಕೊನೆಯ ಮೂರು ಸಿಂಫೊನಿಗಳನ್ನು ಬರೆದನು. ಆಗಸ್ಟ್ 10ರಂದು ಮುಗಿದ ಅಂತಿಮ ಕೃತಿಯ ಕೊನೆಯ ಭಾಗವು ನಾಲ್ಕು ಸ್ವರಗಳ ಮೇಲೆ ನಿಂತಿದೆ; ನಮ್ಮ ಸಂಜ್ಞೆಯಲ್ಲಿ ಹೇಳುವುದಾದರೆ ಸ, ರಿ, ಮ, ಗ. ಲಂಡನ್ನಿನ ಆ ಮೊದಲ ಸಿಂಫೊನಿಯ ವಿಳಂಬಭಾಗದಲ್ಲಿ ಇದೇ ನಾಲ್ಕು ಸ್ವರಗಳು ಇವೆ. ಅವನ್ನು ಬಾಲಕನು ವಹಿಸಿದ್ದು ಹಾರ್ನ್ ವಾದ್ಯಕ್ಕೆ.