ಹಡಗು ಹತ್ತದೆಯೇ ಕಡಲ ತಳ ಕಂಡ ಮೇರಿ ಥಾರ್ಪ್

ಗೂಗಲ್ ಅರ್ಥ್ ಓಪನ್ ಮಾಡಿ ಅಟ್ಲಾಂಟಿಕ್ ಸಾಗರದ ಮೇಲೆ ಝೂಮ್ ಮಾಡಿ. ನೀಲಿ ಬಣ್ಣದ ಕೆಳಗೆ ಉತ್ತರದಿಂದ ದಕ್ಷಿಣದವರೆಗೆ ಹಾವಿನ ಹಾಗೆ ಹರಿದಿರುವ ಒಂದು ಪರ್ವತ ಸಾಲು ಕಾಣುತ್ತೆ. ಆ ಸಾಲಿನ ನಡುವೆ ಉದ್ದಕ್ಕೂ ಒಂದು ಕಣಿವೆ ಇದೆ ಅಂತ ಕಂಡುಹಿಡಿದವರು ಮೇರಿ ಥಾರ್ಪ್. ಆಗ ಅವರಿಗೆ ಸಂಶೋಧನಾ ಹಡಗು ಹತ್ತೋಕೂ ಪರ್ಮಿಷನ್ ಇರಲಿಲ್ಲ, ಕಾರಣ ಅವರು ಹೆಣ್ಣು.

ಮೇರಿ ಹುಟ್ಟಿದ್ದು 1920ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ತಂದೆ ಕೃಷಿ ಇಲಾಖೆಗೆ ಮಣ್ಣಿನ ಸರ್ವೇ ಮಾಡುತ್ತಿದ್ದರು. ಅವರ ಜೊತೆ ಊರೂರು ತಿರುಗಿದ ಮೇರಿ ಎಷ್ಟೋ ಶಾಲೆ ಬದಲಾಯಿಸಿದರು. ಮೊದಲು ಓದಿದ್ದು ಇಂಗ್ಲಿಷ್ ಮತ್ತು ಸಂಗೀತ. ಎರಡನೇ ಮಹಾಯುದ್ಧಕ್ಕೆ ಹುಡುಗರು ಹೋಗಿ ಕ್ಲಾಸುಗಳು ಖಾಲಿಯಾದಾಗ ಮಿಷಿಗನ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ಹುಡುಗಿಯರನ್ನೂ ಸೇರಿಸಿಕೊಂಡಿತು. ಮೇರಿ ಅಲ್ಲಿ ಮಾಸ್ಟರ್ಸ್ ಮಾಡಿದರು. ಆಮೇಲೆ ಒಂದು ತೈಲ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಗಣಿತದಲ್ಲೂ ಡಿಗ್ರಿ ತಗೊಂಡರು. 1948ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿ ಬ್ರೂಸ್ ಹೀಜನ್ ಹಡಗಿನಲ್ಲಿ ಹೋಗಿ ಸೋನಾರ್ ಡೇಟಾ ತರುತ್ತಿದ್ದರು, ಮೇರಿ ದಡದಲ್ಲಿ ಕೂತು ಅದನ್ನು ಪ್ಲಾಟ್ ಮಾಡುತ್ತಿದ್ದರು. ತತ್ವ ನಮಗೆಲ್ಲ ಗೊತ್ತಿರೋದೇ. ಹಡಗಿನಿಂದ ಕೆಳಗೆ ಶಬ್ದ ಕಳಿಸೋದು, ಪ್ರತಿಧ್ವನಿ ಬರೋಕೆ ಎಷ್ಟು ಹೊತ್ತು ಆಯಿತು ಅಂತ ನೋಡೋದು. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಪ್ರತಿಧ್ವನಿಗೆ 4 ಸೆಕೆಂಡ್ ಬೇಕಾದರೆ ಆಳ 3000 ಮೀಟರ್. ಇಂಥ ಸಾವಿರಾರು ಅಂಕಿಗಳನ್ನು ಮೇರಿ ಪೆನ್ನು, ಸ್ಕೇಲ್ ಹಿಡಿದು ಕೈಯಲ್ಲೇ ಗ್ರಾಫ್ ಮಾಡಿದರು. ಕಂಪ್ಯೂಟರ್ ಇರಲಿಲ್ಲ.

1952ರ ಹೊತ್ತಿಗೆ ಉತ್ತರ ಅಟ್ಲಾಂಟಿಕ್ ಅನ್ನು ಅಡ್ಡಲಾಗಿ ಸೀಳುವ ಆರು ಪ್ರೊಫೈಲ್‌ಗಳು ರೆಡಿಯಾದವು. ಒಂದರ ಕೆಳಗೆ ಒಂದು ಇಟ್ಟು ನೋಡಿದರೆ ಪರ್ವತ ಸಾಲಿನ ನೆತ್ತಿಯಲ್ಲಿ 'ವಿ' ಆಕಾರದ ಒಂದು ತಗ್ಗು ಮತ್ತೆ ಮತ್ತೆ ಬರುತ್ತಿತ್ತು. ನೆಲ ಅಲ್ಲಿ ಬಿರುಕು ಬಿಟ್ಟು ದೂರ ಸರೀತಿದೆ ಅಂತ ಮೇರಿಗೆ ಅನ್ನಿಸಿತು. ಹೀಜನ್ ಒಪ್ಪಲಿಲ್ಲ, ಹುಡುಗಿಯರ ಹರಟೆ ಅಂತ ತಳ್ಳಿಹಾಕಿದರು. ಖಂಡಗಳು ಚಲಿಸುತ್ತವೆ ಅನ್ನೋದನ್ನು ಆಗ ಅಮೆರಿಕದ ವಿಜ್ಞಾನಿಗಳು ನಂಬುತ್ತಲೇ ಇರಲಿಲ್ಲ.

ಮೇರಿ ವಾದ ಮಾಡೋದು ಬಿಟ್ಟು ಲೆಕ್ಕವನ್ನು ಮತ್ತೊಮ್ಮೆ ಮಾಡಿದರು. ತಗ್ಗು ಅಲ್ಲೇ ಇತ್ತು. ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಹೋವರ್ಡ್ ಫಾಸ್ಟರ್ ಸಮುದ್ರದಡಿಯ ಭೂಕಂಪಗಳ ಕೇಂದ್ರಗಳನ್ನು ನಕ್ಷೆಯಲ್ಲಿ ಗುರುತಿಸುತ್ತಿದ್ದರು. ಎರಡು ನಕ್ಷೆಗಳನ್ನು ಹೋಲಿಸಿದಾಗ ಭೂಕಂಪದ ಚುಕ್ಕಿಗಳು ಸರಿಯಾಗಿ ಮೇರಿಯ ಕಣಿವೆಯ ಉದ್ದಕ್ಕೇ ಬಿದ್ದಿದ್ದವು. ಹೀಜನ್ ಕೊನೆಗೂ ಒಪ್ಪಿಕೊಂಡರು. ಆದರೆ 1956ರಲ್ಲಿ ವಿಷಯವನ್ನು ಲೋಕಕ್ಕೆ ತಿಳಿಸಿದ ಲೇಖನದಲ್ಲಿ ಇದ್ದದ್ದು ಹೀಜನ್ ಮತ್ತು ಮುಖ್ಯಸ್ಥ ಮಾರಿಸ್ ಯೂಯಿಂಗ್ ಅವರ ಹೆಸರು. ಮೇರಿಯ ಹೆಸರು ಇರಲಿಲ್ಲ.

1957ರ ಉತ್ತರ ಅಟ್ಲಾಂಟಿಕ್ ನಕ್ಷೆಯಲ್ಲಿ ಅವರ ಹೆಸರು ಬಂತು. ಆಳದ ಅಂಕಿಗಳನ್ನು ಶೀತಲ ಸಮರದ ಕಾರಣಕ್ಕೆ ಅಮೆರಿಕದ ನೌಕಾಪಡೆ ಗುಟ್ಟಾಗಿ ಇಟ್ಟಿತ್ತು. ಹಾಗಾಗಿ ಮೇರಿ ಅಂಕಿ ಕೊಡದೆ, ವಿಮಾನದಿಂದ ನೋಡಿದಂತೆ ಬೆಟ್ಟ ಕಣಿವೆಗಳನ್ನೇ ಬಿಡಿಸಿದರು. ಸಾಮಾನ್ಯ ಜನರಿಗೂ ಅರ್ಥವಾಗಿದ್ದು ಅದೇ ಕಾರಣಕ್ಕೆ. ಕಣಿವೆ ಇದೆ ಅಂತ ನಂಬದ ಫ್ರಾನ್ಸ್‌ನ ಜಾಕ್ ಕುಸ್ತೋ ಅಟ್ಲಾಂಟಿಕ್‌ನಲ್ಲಿ ಕ್ಯಾಮೆರಾ ಇಳಿಸಿ ನೋಡಿದರು. 1959ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ತೋರಿಸಿದ ಫಿಲ್ಮ್‌ನಲ್ಲಿ ಕಣಿವೆ ಇತ್ತು.

ಮೇರಿ ಹಡಗಿನಲ್ಲಿ ಹೋಗಿದ್ದು 1960ರ ದಶಕದಲ್ಲಿ. ಇಡೀ ಜಗತ್ತಿನ ಸಾಗರ ತಳದ ನಕ್ಷೆ 1977ರಲ್ಲಿ ಮುಗಿಯಿತು. ಅದೇ ವರ್ಷ ಹೀಜನ್ ತೀರಿಕೊಂಡರು. 2006ರಲ್ಲಿ ಮೇರಿ ತೀರಿಕೊಂಡ ಮೇಲೆ, 2009ರಲ್ಲಿ ಗೂಗಲ್ ಅರ್ಥ್ ಅವರ ನಕ್ಷೆಯನ್ನು ಒಂದು ಲೇಯರ್ ಆಗಿ ಸೇರಿಸಿತು.

ಅವರ ಕೆಲಸ ಇನ್ನೂ ಮುಗಿದಿಲ್ಲ. ಸೋನಾರ್‌ನಿಂದ ನೇರವಾಗಿ ಅಳೆದಿರೋದು ಸಾಗರ ತಳದ ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ಹೆಚ್ಚಾಗಿ, ಸಮುದ್ರದ ಮೇಲ್ಮೈ ಏರಿಳಿತವನ್ನು ಉಪಗ್ರಹದಿಂದ ಅಳೆದು ಮಾಡಿದ ಅಂದಾಜು. ಇನ್ನಷ್ಟು ಝೂಮ್ ಮಾಡಿದರೆ ಅಲ್ಲಲ್ಲಿ ಸ್ಪಷ್ಟವಾದ ಪಟ್ಟಿಗಳು ಕಾಣುತ್ತವೆ, ಹಡಗುಗಳು ಹೋದ ದಾರಿ ಅದು. ಪಕ್ಕದಲ್ಲಿ ಮಸುಕಾಗಿರುವ ಜಾಗಕ್ಕೆ ಇನ್ನೂ ಹಡಗು ಹೋಗಬೇಕು.