ಎರಡು ಭಯಗಳ ನಡುವೆ ಹಾಫ್‌ಕಿನ್

ಮಹಾಮಾರಿಯ ಕಾಲದಲ್ಲಿ ಜನಮನವನ್ನು ಎರಡು ಭಯಗಳು ಎಳೆದಾಡುತ್ತವೆ: ರೋಗದ್ದೊಂದು, ಮದ್ದಿನದೊಂದು. ಯಾವುದು ಸಮೀಪವೆಂದು ತೋರುವುದೋ ಅದಕ್ಕೇ ಮನುಷ್ಯ ಅಂಜುತ್ತಾನೆ. ಇದಕ್ಕೆ ವಾಲ್ಡೆಮಾರ್ ಹಾಫ್‌ಕಿನನ ಬಾಳಿಗಿಂತ ಮಿಗಿಲಾದ ನಿದರ್ಶನವನ್ನು ನಾನು ಕಾಣೆ.

1860ರಲ್ಲಿ ಒಡೆಸ್ಸಾದ ಯೆಹೂದಿ ಮನೆತನದಲ್ಲಿ ಜನಿಸಿದ ಈತನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಅದನ್ನು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ಭಾರತಕ್ಕೆ ಬಂದನು. 1894ರಲ್ಲಿ ಕಲಕತ್ತೆಯ ಬಡ ಕೇರಿಯೊಂದರಲ್ಲಿ ಸುಮಾರು 200 ನಿವಾಸಿಗಳ ಪೈಕಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ತಗುಲಿದ ಹತ್ತು ಮಂದಿಯೂ ಹಾಕಿಸಿಕೊಳ್ಳದಿದ್ದವರೇ. ನೆರೆಮನೆಯ ಸಾವನ್ನು ಕಣ್ಣಾರೆ ಕಂಡವರಿಗೆ ಬೇರೆ ಉಪದೇಶ ಏತಕ್ಕೆ?

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಸಮಸ್ಯೆ ಜಟಿಲವಾಯಿತು. ಹಾಫ್‌ಕಿನನು 1897ರ ಜನವರಿ 10ರಂದು ಹೊಸ ಲಸಿಕೆಯನ್ನೂ ಮೊದಲು ತಾನೇ ಚುಚ್ಚಿಕೊಂಡನು. ಆದರೆ ಅಧಿಕಾರಿಗಳು ಮನೆಗಳಿಗೆ ನುಗ್ಗಿ ಶೋಧಿಸುತ್ತ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುತ್ತಿದ್ದ ದಿನಗಳವು. ಸೂಜಿಯನ್ನೂ ಆ ಬಲಾತ್ಕಾರದ ಆಯುಧವೆಂದೇ ಅನೇಕರು ಬಗೆದರು. ಚುಚ್ಚಿದ ಮೇಲಿನ ಜ್ವರ, ತೋಳಿನ ಬಾವು ಕೂಲಿಕಾರನಿಗೆ ಇಂದಿನ ನಷ್ಟ. ಪ್ಲೇಗಾದರೋ ನಾಳೆಯ ಮಾತು. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕಲು ನನ್ನ ಮನಸ್ಸೊಪ್ಪದು. ಮೂರನೆಯ ಆಗಾ ಖಾನರು ಎಲ್ಲರೆದುರಿಗೆ ತೋಳೊಡ್ಡಿದಾಗ ಅವರ ಅನುಯಾಯಿಗಳ ಅಂಜಿಕೆ ಸಡಿಲವಾಯಿತು. ನಮ್ಮ ಹುಬ್ಬಳ್ಳಿಯಲ್ಲಿಯೂ 1898ರಲ್ಲಿ ಸಾವಿರಾರು ಜನ ಲಸಿಕೆ ಹಾಕಿಸಿಕೊಂಡರು.

ಹೀಗೆ ಬೆಳೆದ ವಿಶ್ವಾಸಕ್ಕೆ 1902ರ ಅಕ್ಟೋಬರಿನಲ್ಲಿ ಪೆಟ್ಟು ಬಿದ್ದಿತು. ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಅಪವಾದವೆಲ್ಲ ಹಾಫ್‌ಕಿನನ ಮೇಲೆ ಬಂದಿತು. ಅವನ ಹುದ್ದೆ ಹೋಯಿತು. ಸೀಸೆಯನ್ನು ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಿದ್ದು ಬಳಿಕ ಬೆಳಕಿಗೆ ಬಂದಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವನ ಪರವಾಗಿ ನಿಂತರು. 1907ರಲ್ಲಿ ಅವನು ದೋಷಮುಕ್ತನಾದನು. ಅಷ್ಟರಲ್ಲಿ ಆ 19 ಸಾವುಗಳ ಸುದ್ದಿ ಊರೂರು ಸುತ್ತಿತ್ತು. ಲಸಿಕೆಯಿಂದ ಉಳಿದ ಜೀವಗಳಾದರೋ ಯಾರ ಕಣ್ಣಿಗೂ ಬೀಳುವಂಥವಲ್ಲ. ಬದುಕಿದವನು ತಾನು ಸಾಯಬೇಕಾಗಿತ್ತೆಂದು ತಿಳಿಯುವುದಾದರೂ ಹೇಗೆ?

ಆತನು ಮತ್ತೆ ಕಲಕತ್ತೆಗೆ ಬಂದು ದುಡಿದು, 1914ರಲ್ಲಿ ನಿವೃತ್ತನಾಗಿ, 1930ರಲ್ಲಿ ಲೋಸಾನಿನಲ್ಲಿ ತೀರಿಕೊಂಡನು. ಮುಂಬಯಿಯ ಪ್ರಯೋಗಶಾಲೆಗೆ 1925ರಲ್ಲಿ ಇಟ್ಟ ಅವನ ಹೆಸರು ಇಂದಿಗೂ ಉಳಿದಿದೆ. ಲಸಿಕೆಯನ್ನು ಸಿದ್ಧಪಡಿಸುವುದು ಪ್ರಯೋಗಶಾಲೆಯ ಕೆಲಸ. ಅದಕ್ಕೆ ತೋಳೊಡ್ಡುವ ಧೈರ್ಯ ಮಾತ್ರ ನಂಬಿಕೆಯಿಂದಲೇ ಹುಟ್ಟಬೇಕು. ತನ್ನ ತೋಳನ್ನೇ ಮೊದಲು ಚಾಚಿದ ಹಾಫ್‌ಕಿನನು ಅದನ್ನು ಬಲ್ಲವನಾಗಿದ್ದನೆಂದೇ ನಾನು ಎಣಿಸುತ್ತೇನೆ.