ಸೊಳ್ಳೆಯ ಹೊಟ್ಟೆಯಲ್ಲಿ ಕಂಡ ಕಪ್ಪು ಕಣ

ಬಂದಳಿಕೆ ಎಂದೊಡನೆ ನಿಮಗೆ ಅಲ್ಲಿನ ಹಳೆಯ ದೇವಾಲಯ, ಬಸದಿಗಳು ನೆನಪಾಗುತ್ತವೆ. ಮರದ ಕೊಂಬೆಗೆ ಅಂಟಿಕೊಂಡು ಆ ಮರದ ರಸವನ್ನೇ ಹೀರುವ ಗಿಡಕ್ಕೂ ಕನ್ನಡದಲ್ಲಿ ಬಂದಳಿಕೆ ಎಂದೇ ಹೆಸರು. ಮನುಷ್ಯನ ರಕ್ತದಲ್ಲೂ ಅಂಥದೊಂದು ಬಂದಳಿಕೆ ಬೆಳೆಯುತ್ತದೆ. ಅದೇ ಮಲೇರಿಯಾದ ಪರೋಪಜೀವಿ. ಅದರ ದಾರಿಯನ್ನು ಪತ್ತೆ ಹಚ್ಚಿದವರು ಡಾ. ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರದಲ್ಲಿ. ತಂದೆ ಸೇನಾಧಿಕಾರಿ. ಹುಡುಗನ ಒಲವು ಕವಿತೆ, ಚಿತ್ರಕಲೆಯ ಕಡೆಗೆ. ತಂದೆಗೆ ಮಗ ಡಾಕ್ಟರಾಗಲೇಬೇಕೆಂಬ ಹಠ. (ನಮ್ಮ ಮನೆಗಳಲ್ಲೂ ಇದು ಹೊಸದಲ್ಲ!) ಲಂಡನ್ನಿನಲ್ಲಿ ಓದಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ, ಮನೆಯ ಹೊರಗೆ ನಿಂತ ನೀರನ್ನು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದರು. ಆದರೆ ಸೊಳ್ಳೆಗೂ ಚಳಿಜ್ವರಕ್ಕೂ ನಂಟಿದೆಯೆಂದು ಆಗ ಅವರಿಗೂ ಹೊಳೆದಿರಲಿಲ್ಲ.

1894ರಲ್ಲಿ ಲಂಡನ್ನಿನ ಡಾ. ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿ, ಸೊಳ್ಳೆಯಲ್ಲಿ ಹುಡುಕಲು ಹೇಳಿದರು. ನಡುವೆ ಕಾಲರಾ ಕೆಲಸಕ್ಕೆಂದು ರಾಸ್ ಮತ್ತೆ ಬೆಂಗಳೂರಿಗೆ ಬರಬೇಕಾಯಿತು. ಕೊನೆಗೆ 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಮಚ್ಚೆ ರೆಕ್ಕೆಯ ಸೊಳ್ಳೆಗಳಿಂದ ಕಚ್ಚಿಸಿದರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ! ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗಿನ ಕಪ್ಪು ಕಣಗಳೇ ಗುರುತು ಹೇಳಿದವು. ಮಲೇರಿಯಾ ರೋಗಿಗಳ ರಕ್ತದಲ್ಲಿ ಕಾಣುತ್ತಿದ್ದ ಕಣಗಳೂ ಅವೇ.

ವಿದ್ಯಾರ್ಥಿ ಮಿತ್ರರೇ, ಈ ಕಪ್ಪು ಕಣದ ಬಳಿ ಸ್ವಲ್ಪ ನಿಲ್ಲಿ. ಪರೋಪಜೀವಿ ನಮ್ಮ ಕೆಂಪು ರಕ್ತಕಣದೊಳಗೆ ಹೊಕ್ಕು ಹಿಮೋಗ್ಲೋಬಿನ್ ತಿನ್ನುತ್ತದೆ. ಉಳಿದ ಕಬ್ಬಿಣದ ಅಂಶ ಅದಕ್ಕೇ ವಿಷ. ಆದ್ದರಿಂದ ಅದನ್ನು ಹರಳಾಗಿಸಿ ಇಡುತ್ತದೆ. ಇದಕ್ಕೆ ಹೀಮೋಜೋಯಿನ್ ಎಂದು ಹೆಸರು. ಕೆಂಪುಕಣ ಒಡೆದಾಗ ಹರಳುಗಳು ಹೊರಬೀಳುತ್ತವೆ, ನಮಗೆ ಚಳಿ ನಡುಕ ಬರುತ್ತದೆ. ಕಾವಲಿಗಿರುವ ಬಿಳಿ ರಕ್ತಕಣಗಳು ಓಡಿ ಬಂದು ಅವನ್ನು ನುಂಗುತ್ತವೆ. ನುಂಗಿದ್ದು ಜೀರ್ಣವಾಗುವುದಿಲ್ಲ. ಹೊಟ್ಟೆ ತುಂಬಿದ ಕಾವಲುಗಾರ ಜಡವಾಗುತ್ತಾನೆ. ಹೊಸ ರೋಗಾಣುವನ್ನು ನುಂಗುವ, ಇತರ ಕಣಗಳಿಗೆ ವೈರಿಯ ಗುರುತು ಹೇಳುವ ಶಕ್ತಿ ಕುಂದುತ್ತದೆ. ಮಲೇರಿಯಾ ಬಂದ ಮಕ್ಕಳಿಗೆ ಬೇರೆ ಸೋಂಕುಗಳು ಬೇಗ ತಗಲುವುದಕ್ಕೆ ಇದೂ ಒಂದು ಕಾರಣ. ರಾಸ್ ಅವರಿಗೆ ದಾರಿ ತೋರಿದ ಕಣವೇ ರೋಗಿಯ ಕಾವಲನ್ನು ಕೆಡಿಸುತ್ತದೆಂಬುದು ಅವರ ಕಾಲದ ನಂತರ ತಿಳಿದ ವಿಷಯ.

1898ರಲ್ಲಿ ಕಲ್ಕತ್ತಾದಲ್ಲಿ ಸಹಾಯಕ ಮಹಮ್ಮದ್ ಬಕ್ಷ್ ಅವರೊಡನೆ ಹಕ್ಕಿಗಳ ಮೇಲೆ ಪ್ರಯೋಗ ನಡೆಸಿ, ರೋಗ ಸೊಳ್ಳೆಯ ಜೊಲ್ಲಿನ ಗ್ರಂಥಿಯಿಂದ ದಾಟುವುದನ್ನು ರಾಸ್ ತೋರಿಸಿದರು. 1902ರಲ್ಲಿ ನೊಬೆಲ್ ಬಹುಮಾನ ಬಂತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.

ಹುಸೇನ್ ಖಾನ್ ಹೆಸರನ್ನು ನಾನು ಪಾಠ ಮಾಡುವ ಪುಸ್ತಕಗಳಲ್ಲಿ ಕಂಡಿಲ್ಲ. ತರಗತಿಯಲ್ಲಿ ರಾಸ್ ಅವರ ಹೆಸರಿನ ಪಕ್ಕದಲ್ಲೇ ಅದನ್ನೂ ಹಲಗೆಯ ಮೇಲೆ ಬರೆಯುತ್ತೇನೆ.